ಯಾವ ಸರಾಸರಿ ಕಳೆದಿರಿ?

ಮೆದುಳಿನ ಎಂಆರ್‌ಐ ಚಿತ್ರಗಳಲ್ಲಿ ಎರಡು ಗುಂಪುಗಳನ್ನು ಹೋಲಿಸುವುದು ನನ್ನ ಕೆಲಸ. ಆ ಸಲ ರೋಗಿಗಳಲ್ಲಿ ಗ್ರೇ ಮ್ಯಾಟರ್ (ನರಕೋಶಗಳು ದಟ್ಟವಾಗಿರುವ ಬೂದು ಭಾಗ) ಎಲ್ಲಿ ಕಡಿಮೆಯಾಗಿದೆ ಎಂದು ನೋಡಬೇಕಿತ್ತು. ಯಾರು ಯಾವ ಗುಂಪು, ಎಷ್ಟು ವಯಸ್ಸು ಎಂದು ಲೆಕ್ಕದ ಮಾಡೆಲ್ಲಿಗೆ ಹೇಳುವ ಕೋಷ್ಟಕವಾದ ಡಿಸೈನ್ ಮ್ಯಾಟ್ರಿಕ್ಸ್‌ನಲ್ಲಿ ಮೂರೇ ಕಾಲಂ: ಆರೋಗ್ಯವಂತರು, ರೋಗಿಗಳು, ವಯಸ್ಸು. ಕಾಂಟ್ರಾಸ್ಟ್, ಅಂದರೆ ಯಾವುದರಿಂದ ಯಾವುದನ್ನು ಕಳೆದು ನೋಡಬೇಕು ಎನ್ನುವ ಸೂಚನೆ, 1 -1 0: ಆರೋಗ್ಯವಂತರಿಂದ ರೋಗಿಗಳನ್ನು ಕಳೆ. ಮೆದುಳಿನ ಚಿತ್ರ ವಿಶ್ಲೇಷಿಸುವ ತಂತ್ರಾಂಶವಾದ ಎಫ್‌ಎಸ್‌ಎಲ್‌ನ ರ್‍ಯಾಂಡಮೈಸ್‌ನಲ್ಲಿ 5000 ಪರ್ಮ್ಯುಟೇಶನ್ (ವ್ಯತ್ಯಾಸ ಆಕಸ್ಮಿಕವೇ ಎಂದು ತಿಳಿಯಲು ಗುಂಪಿನ ಹಣೆಪಟ್ಟಿಗಳನ್ನು ಕಲೆಸಿ ಮತ್ತೆ ಮತ್ತೆ ಲೆಕ್ಕ ಹಾಕುವುದು) ಹಾಕಿ ಮನೆಗೆ ಹೋದೆ.

ಬೆಳಗ್ಗೆ ನೋಡಿದರೆ ಅರ್ಧ ಮೆದುಳು ಕೆಂಪು, ಅಂದರೆ ಅಷ್ಟೂ ಕಡೆ ವ್ಯತ್ಯಾಸ! ಖುಷಿಯಿಂದ ಸಹೋದ್ಯೋಗಿಗೆ ತೋರಿಸಿದೆ. ಅವರು ಚಿತ್ರ ನೋಡಲೇ ಇಲ್ಲ. "ವಯಸ್ಸಿನಿಂದ ಸರಾಸರಿ ಕಳೆದಿದ್ದೀರಲ್ಲ, ಯಾವ ಸರಾಸರಿ?" ಎಂದು ಕೇಳಿದರು.

ಆಯಾ ಗುಂಪಿನದ್ದು, ಎಂದೆ. ಅಲ್ಲೇ ಎಡವಟ್ಟಾಗಿತ್ತು.

ನಮ್ಮ ರೋಗಿಗಳು ಸರಾಸರಿ ಹತ್ತು ವರ್ಷ ದೊಡ್ಡವರು. ಪ್ರತಿ ಗುಂಪಿನಿಂದ ಅದರದ್ದೇ ಸರಾಸರಿ ಕಳೆದರೆ ಎರಡರ ಸರಾಸರಿ ವಯಸ್ಸೂ ಸೊನ್ನೆ. ಮಾಡೆಲ್ ಕಣ್ಣಿಗೆ ಎಲ್ಲರೂ ಒಂದೇ ವಾರಗೆಯವರು. ವಯಸ್ಸಾದಂತೆ ಗ್ರೇ ಮ್ಯಾಟರ್ ಹೇಗೂ ಕಡಿಮೆಯಾಗುತ್ತದೆ, ಅಲ್ವಾ? ಆ ಹತ್ತು ವರ್ಷದ ಸವಕಳಿಯೆಲ್ಲ ರೋಗದ ಲೆಕ್ಕಕ್ಕೆ ಬಿತ್ತು. ಪರ್ಮ್ಯುಟೇಶನ್ 5000 ಇರಲಿ, 50000 ಇರಲಿ, ಇದನ್ನು ಹಿಡಿಯುವುದಿಲ್ಲ. ಎರರ್ ಕೂಡ ಬರುವುದಿಲ್ಲ.

ಕಳೆಯಬೇಕಾದದ್ದು ಎಲ್ಲರನ್ನೂ ಸೇರಿಸಿದ ಒಂದೇ ಸರಾಸರಿ. ತಮಾಷೆ ಎಂದರೆ, ವಯಸ್ಸಿಗೆ ಒಂದೇ ಕಾಲಂ ಇದ್ದಾಗ ಏನೂ ಕಳೆಯದೆ ಸುಮ್ನೆ ಬಿಟ್ಟಿದ್ದರೂ ಗುಂಪುಗಳ ವ್ಯತ್ಯಾಸ ಸರಿಯಾಗೇ ಬರುತ್ತಿತ್ತು. ಗುಂಪಿನ ಕಾಲಂಗಳ ಅರ್ಥ ಮಾತ್ರ ಸೊನ್ನೆ ವಯಸ್ಸಿನ ಮೆದುಳಿನದ್ದಾಗುತ್ತಿತ್ತು, ಅಷ್ಟೇ. ಜಾಣತನ ಮಾಡಲು ಹೋಗಿ ಕೆಡಿಸಿದ್ದೆ. ಆದರೆ ಪ್ರತಿ ಗುಂಪಿಗೂ ಬೇರೆ ವಯಸ್ಸಿನ ಕಾಲಂ ಕೊಟ್ಟರೆ ಈ ಮಾತು ನಡೆಯಲ್ಲ. ಆಗ ಎರಡು ಗೆರೆಗಳು ಬೇರೆ ಬೇರೆ ಇಳಿಜಾರಿನಲ್ಲಿ ಓಡುತ್ತವೆ. ನಡುವಿನ ಅಂತರ ಯಾವ ವಯಸ್ಸಿನಲ್ಲಿ ಅಳೆದಿರಿ ಎನ್ನುವುದರ ಮೇಲೆ ನಿಲ್ಲುತ್ತದೆ.

ಸರಿಪಡಿಸಿ ಮತ್ತೆ ಓಡಿಸಿದೆ. ಕೆಂಪು ಬಹುಪಾಲು ಹೋಯಿತು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಹತ್ತಿರ ಒಂದಿಷ್ಟು ಉಳಿಯಿತು. ಅದನ್ನೂ ನಾನು ಪೂರ್ತಿ ನಂಬಲಿಲ್ಲ. ವಯಸ್ಸುಗಳನ್ನು ಚುಕ್ಕಿ ಹಾಕಿ ನೋಡಿದಾಗ 65 ದಾಟಿದ ಆರೋಗ್ಯವಂತರು ಇಬ್ಬರೇ ಸಿಕ್ಕರು. ಅಲ್ಲಿಂದಾಚೆ ಮಾಡೆಲ್ ಹೋಲಿಸುತ್ತಿರಲಿಲ್ಲ, ಗೆರೆ ಎಳೆದು ಊಹಿಸುತ್ತಿತ್ತು. ಇದನ್ನು ಯಾವ ಕಾಲಂ ಸೇರಿಸಿದರೂ ಸರಿ ಮಾಡಲಾಗದು. ಆ ವಯಸ್ಸಿನ ಇನ್ನೂ ಎಂಟು ಜನರನ್ನು ಸ್ಕ್ಯಾನ್ ಮಾಡಿಸಿ ಎಂದು ಕೇಳಿದ್ದೇನೆ.