"ಬೀಳಂಗಿಲ್ಲೇನ್ರೀ ಇದು?"

ನಮ್ಮ ಪಡಸಾಲೆಗೆ ಬಂದವರು ಚಹಾ ಬರುವ ಮೊದಲೇ ಕೇಳುವ ಪ್ರಶ್ನೆ ಇದು. ಗೋಡೆಯ ಮೇಲೆ ಟೈಲ್ಸ್ ಚೂರು ಜೋಡಿಸಿ ನಾನೇ ಮಾಡಿದ ಫಲಕ ಇದೆ. ಎರಡು ಅಡಿ ಅಗಲ, ಮೂರು ಅಡಿ ಎತ್ತರ. ಅದರ ಕೆಳಗೇ ಸೋಫಾ. ಕೇಳುವವರ ತಪ್ಪೇನಿಲ್ಲ ಬಿಡಿ.

ಬೀಳುತ್ತದೆ. ನಾನು ಮಾಡಿದ ಮೊದಲನೆಯದು ಬಿದ್ದಿತ್ತು.

ಮನೆಯ ನೆಲಕ್ಕೆ ಹಾಕಿಸಿ ಉಳಿದ ವಿಟ್ರಿಫೈಡ್ ಟೈಲ್ಸ್ ಒಡೆದು, ಸಿಮೆಂಟ್ ಕಲಸಿ, ಸೀದಾ ಗೋಡೆಗೇ ಅಂಟಿಸಿದ್ದೆ. ಮೇ ತಿಂಗಳ ಒಂದು ರಾತ್ರಿ ಅರ್ಧ ಕೆಳಗೆ ಬಂತು. ಅವ್ವ ಬೆಕ್ಕಿಗೆ ಬೈದು ಮತ್ತೆ ಮಲಗಿದಳು. ಬೆಳಿಗ್ಗೆ ನೋಡಿದರೆ ಸಿಮೆಂಟೆಲ್ಲ ಗೋಡೆಯಲ್ಲೇ ಇದೆ. ಚೂರುಗಳ ಬೆನ್ನು ಮಾತ್ರ ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛ! ವಿಟ್ರಿಫೈಡ್ ಟೈಲ್ಸ್ ಶೇ. 0.5ರಷ್ಟೂ ನೀರು ಹೀರುವುದಿಲ್ಲ. ಅಂಥ ಬೆನ್ನನ್ನು ಬರೀ ಸಿಮೆಂಟ್ ಹೇಗೆ ಕಚ್ಚಿ ಹಿಡಿಯಬೇಕು? ಗೋಡೆಯ ಸಾದಾ ಸೆರಾಮಿಕ್ ಟೈಲ್ಸ್ ಶೇ. 10ಕ್ಕಿಂತ ಜಾಸ್ತಿ ಹೀರುತ್ತದೆ. ಕತ್ತರಿಸುವುದೂ ಸುಲಭ. ಈಗ ಅದನ್ನೇ ತರುತ್ತೇನೆ. ಅಂಟಿಸಲು ಪಾಲಿಮರ್ ಬೆರೆಸಿದ ಟೈಲ್ ಗಮ್.

ಇನ್ನೊಂದು ಬದಲಾವಣೆ, ಈಗ ಗೋಡೆಗೆ ಅಂಟಿಸುವುದೇ ಇಲ್ಲ. ಸಿಮೆಂಟ್ ಬೋರ್ಡ್ ಮೇಲೆ ಮಾಡುತ್ತೇನೆ. ಪ್ಲೈವುಡ್ ಬೇಡ. ಅದು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಟೈಲ್ಸ್ ಅದರ ಜೊತೆ ಹೋಗುವುದಿಲ್ಲ. ಬೋರ್ಡನ್ನು ನೆಲದ ಮೇಲೆ ಮಲಗಿಸಿ, ಮೊದಲು ಗಮ್ ಇಲ್ಲದೆ ಎಲ್ಲ ಚೂರು ಜೋಡಿಸಿ ನೋಡಬೇಕು. ಅಂಟಿಸಿ ಒಂದು ದಿನ ಬಿಟ್ಟು ಸಂದು ತುಂಬಬೇಕು.

ವಿನ್ಯಾಸ ಎಲ್ಲಿಯದು ಅಂತ ಬೀದರಿನವರು ಕೇಳುವುದೇ ಇಲ್ಲ. ನಮ್ಮೂರಿನ ಹಳೆಯ ವಿದ್ಯಾಕೇಂದ್ರ, 1472ರ ಮಹಮೂದ್ ಗವಾನ್ ಮದರಸಾದ ಉಳಿದ ಮಿನಾರಿನ ಮೇಲೆ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಓಡುವ ಬಣ್ಣದ ಪಟ್ಟಿಗಳಿವೆಯಲ್ಲ, ಅವೇ. ಭಕ್ತಿಗಿಂತ ಸೋಮಾರಿತನ ಕಾರಣ: ಎಲ್ಲವೂ ನೇರ ಕೊಯ್ತ. ಕೆಳಗಿನ ಗೋಡೆಯ ಹೂಬಳ್ಳಿ ಮಾಡಲು ಹೋಗಿ ಒಂದು ಡಬ್ಬಿ ಟೈಲ್ಸ್ ಪುಡಿ ಮಾಡಿಕೊಂಡಿದ್ದೇನೆ.

"ಮದರಸಾದ್ದೇ ಉದುರ್ಯಾವ, ನಿಮ್ದು ಉಳೀತದೇನು?" ಎಂದು ನಮ್ಮ ಗೌಂಡಿ ಕೆಣಕಿದ. ಅಲ್ಲಿ ಐನೂರು ವರ್ಷದ ಮಳೆ ಬಿಸಿಲು ಬಿದ್ದಿದೆ. ಔರಂಗಜೇಬನ ಕಾಲದಲ್ಲಿ ಒಳಗಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹೋಯಿತು. ನಮ್ಮ ಪಡಸಾಲೆಯಲ್ಲಿ ಅಂಥದ್ದೇನೂ ಇಲ್ಲ. ಆದರೂ ಅವನ ಮಾತು ಕೊರೆಯುತ್ತಿತ್ತು. ಕೋಟೆಯ ರಂಗೀನ್ ಮಹಲಿಗೆ ಹೋಗಿ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪನ್ನು ಮತ್ತೆ ನೋಡಿದೆ. ಅದು ಮೇಲೆ ಅಂಟಿಸಿದ್ದಲ್ಲ, ಕಲ್ಲು ಕೊರೆದು ಒಳಗೆ ಕೂರಿಸಿದ್ದು. ನಮ್ಮ ಬಿದ್ರಿ ಕೆಲಸದಲ್ಲಿ ಬೆಳ್ಳಿ ಕೂರುವುದೂ ಹೀಗೇ ಅಲ್ವಾ? ಮನೆಗೆ ಬಂದು ಫಲಕದ ನಾಲ್ಕೂ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಹಾಕಿದೆ. ಈಗ ಅಂಚಿನ ಚೂರು ಜಾರಲು ಜಾಗವೇ ಇಲ್ಲ.

ನಿಜವಾಗಿ ಹೆದರಬೇಕಾದ್ದು ನೇತುಹಾಕುವಾಗ. ಎಲ್ಲ ಸೇರಿ ಹದಿನೆಂಟು ಕೆಜಿ ತೂಗುತ್ತದೆ. ನಮ್ಮದು ಹಳೆಯ ಕೆಂಪು ಕಲ್ಲಿನ ಗೋಡೆ, ಕಲ್ಲಿನ ತುಂಬ ತೂತು. ಪ್ಲಾಸ್ಟಿಕ್ ಪ್ಲಗ್ ಹಾಕಿದರೆ ಸ್ಕ್ರೂ ಜೊತೆ ಅದೂ ಸುಮ್ನೆ ತಿರುಗುತ್ತದೆ. ಗಿಲಾವು ದಾಟಿ ಕಲ್ಲಿನೊಳಗೆ ಆಳವಾಗಿ ಕೊರೆದು, ಕೆಮಿಕಲ್ ಆಂಕರ್ (ತೂತಿನೊಳಗೇ ಗಟ್ಟಿಯಾಗುವ ಅಂಟು) ತುಂಬಿ, ನಾಲ್ಕು ಬೋಲ್ಟ್ ಕೂರಿಸಿದೆ.

ಇಷ್ಟೆಲ್ಲ ವಿವರಿಸಿದ ಮೇಲೂ ನಮ್ಮ ಮಾಮಾ ಆ ಸೋಫಾದ ಮೇಲೆ ಕೂರುವುದಿಲ್ಲ. ಬಾಗಿಲ ಹತ್ತಿರದ ಕುರ್ಚಿ ಎಳೆದುಕೊಳ್ಳುತ್ತಾರೆ.