ಅಣ್ಣನ ಮಗನ ಮಣಿಕಟ್ಟು

ಜನವರಿಯಲ್ಲಿ ಮೂಡಿಗೆರೆ ಹತ್ತಿರ ಅಣ್ಣನ ಮನೆಗೆ ಹೋಗಿದ್ದೆ. ಕಾಫಿ ಕೊಯ್ಲು ಜೋರಾಗಿತ್ತು, ಕಣದ ತುಂಬಾ ಹಣ್ಣು ಹರಡಿದ್ದರು. ಅಣ್ಣನ ಮಗನಿಗೆ ಹನ್ನೊಂದು ವರ್ಷ. ಕಣದ ಅಂಚಿನಲ್ಲೇ ಸೈಕಲ್ ಹೊಡೆಯುತ್ತಿದ್ದವನು ಹಣ್ಣಿನ ಮೇಲೆ ಚಕ್ರ ಜಾರಿ, ಕೈ ಊರಿಕೊಂಡು ಬಿದ್ದ. ಅಳಲೇ ಇಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ನೋಡನೋಡುತ್ತಲೇ ಮಣಿಕಟ್ಟು ಊದಿಕೊಂಡಿತು.

"ಬೆರಳು ಆಡಿಸ್ತಾನಲ್ಲ, ಮುರಿದಿಲ್ಲ, ಉಳುಕಿರಬೇಕು" ಅಂದರು ಕೆಲಸದವರು. ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತೆ ಅಂತ ಒಬ್ಬರು, ಪಕ್ಕದ ಊರಲ್ಲಿ ಕಟ್ಟು ಕಟ್ಟುವವರಿದ್ದಾರೆ ಅಂತ ಇನ್ನೊಬ್ಬರು. ಅತ್ತಿಗೆ ಯಾರ ಮಾತಿಗೂ ಕಾಯಲಿಲ್ಲ. ರಟ್ಟಿನ ತುಂಡೊಂದನ್ನು ಕೈ ಕೆಳಗಿಟ್ಟು, ಮೇಲೆ ಟವೆಲ್ ಸುತ್ತಿ, "ನೀನೂ ಬಾ, ಚಿಕ್ಕಮಗಳೂರಿಗೆ ಹೋಗೋಣ" ಅಂದರು. ದಾರಿಯುದ್ದಕ್ಕೂ ತಿರುವು ಬಂದಾಗಲೆಲ್ಲ ಹುಡುಗ ಹಲ್ಲು ಕಚ್ಚಿಕೊಳ್ಳುತ್ತಿದ್ದ.

ಡಾಕ್ಟರ್ ಊದಿದ ಕಡೆಯೆಲ್ಲ ಒತ್ತಲಿಲ್ಲ. ಕೀಲಿನಿಂದ ಸ್ವಲ್ಪ ಮೇಲೆ, ಮೂಳೆಯ ತುದಿಯಲ್ಲಿ ಒಂದೇ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಅಷ್ಟಕ್ಕೇ ಹುಡುಗ ಕಿರುಚಿದ. ಎರಡೂ ಕೈಗಳ ಎಕ್ಸ್‌ರೇ ತೆಗೆಸಿದರು. ಮೂಳೆಯ ತುದಿಯಲ್ಲಿ ಒಂದು ಕಪ್ಪು ಗೆರೆ ಕಾಣಿಸಿತು. ಅತ್ತಿಗೆ ಗಾಬರಿಯಾದರು. ಆದರೆ ಪೆಟ್ಟಾಗದ ಎಡಗೈಯಲ್ಲೂ ಅದೇ ಗೆರೆ!

"ಅದು ಗ್ರೋತ್ ಪ್ಲೇಟ್" ಅಂದರು ಡಾಕ್ಟರ್. ಮಕ್ಕಳ ಮೂಳೆ ಉದ್ದವಾಗುವುದೇ ಅಲ್ಲಿ. ಮೂಗಿನ ತುದಿಯಲ್ಲಿರುವಂಥ ಮೆದು ಎಲುಬಿನ ಪದರ ಅದು. ಎಕ್ಸ್‌ರೇಯಲ್ಲಿ ಮೂಡುವುದಿಲ್ಲ, ಹಾಗಾಗಿ ಆ ಜಾಗ ಖಾಲಿ ಇದ್ದಂತೆ ಕಾಣುತ್ತೆ. ಅದಕ್ಕೇ ಇನ್ನೊಂದು ಕೈ ಜೊತೆಗಿಟ್ಟು ನೋಡುವುದು. ಬೆಳೆಯುವ ಮಕ್ಕಳಲ್ಲಿ ಕೀಲನ್ನು ಬಿಗಿದಿಡುವ ಲಿಗಮೆಂಟಿಗಿಂತ ಈ ಪದರವೇ ದುರ್ಬಲ. ದೊಡ್ಡವರಿಗೆ ಉಳುಕಾಗುವಂಥ ಪೆಟ್ಟಿಗೆ ಮಕ್ಕಳಲ್ಲಿ ಮೂಳೆಯೇ ಅಲ್ಲಿ ಬಿರುಕು ಬಿಡಬಹುದು. ಸಾಮಾನ್ಯವಾಗಿ ಹುಡುಗಿಯರಲ್ಲಿ 13ರಿಂದ 15, ಹುಡುಗರಲ್ಲಿ 15ರಿಂದ 17 ವರ್ಷದ ಹೊತ್ತಿಗೆ ಇದು ಗಟ್ಟಿ ಮೂಳೆಯಾಗಿ ಕೂಡಿಕೊಳ್ಳುತ್ತೆ.

ಬಲಗೈಯಲ್ಲಿ ಮೂಳೆಯ ತುದಿ ತುಸು ಹಿಂದಕ್ಕೆ ಸರಿದಿತ್ತು. ಗ್ರೋತ್ ಪ್ಲೇಟಿನ ಮುರಿತಗಳನ್ನು ಕೆನಡಾದ ಮೂಳೆ ತಜ್ಞರಾದ ಸಾಲ್ಟರ್ ಮತ್ತು ಹ್ಯಾರಿಸ್ 1963ರಲ್ಲಿ ಐದು ಬಗೆಯಾಗಿ ವಿಂಗಡಿಸಿದ್ದಾರೆ. ನಮ್ಮ ಹುಡುಗನದು ಎರಡನೆಯದು, ಎಲ್ಲಕ್ಕಿಂತ ಜಾಸ್ತಿ ಕಾಣುವಂಥದ್ದು. ಬಿರುಕು ಕೀಲಿನೊಳಕ್ಕೇ ಇಳಿದಿದ್ದರೆ ಆಪರೇಷನ್ ಬೇಕಾಗಬಹುದಿತ್ತು. ಅರಿವಳಿಕೆ ಕೊಟ್ಟು, ಮೂಳೆ ಕೂರಿಸಿ, ಪ್ಲಾಸ್ಟರ್ ಹಾಕಿದರು. "ಇವತ್ತೇ ಬಂದಿದ್ದು ಒಳ್ಳೇದಾಯ್ತು. ವಾರ ಕಳೆದ ಮೇಲೆ ಬಲವಂತವಾಗಿ ಕೂರಿಸೋಕೆ ಹೋದ್ರೆ ಆ ಪದರಕ್ಕೇ ಪೆಟ್ಟಾಗುತ್ತೆ" ಅಂದರು. ಎಣ್ಣೆ ಹಚ್ಚಿ ನೀವಿಸಿದ್ದರೆ ಏನಾಗುತ್ತಿತ್ತೋ ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತೆ.

ನಾಲ್ಕು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಎಲ್ಲ ಮುಗಿಯಿತು ಅಂತ ಮನೆಯವರು ಅಂದುಕೊಂಡರೆ, ಆರು ತಿಂಗಳಾದ ಮೇಲೆ ಒಮ್ಮೆ, ವರ್ಷವಾದ ಮೇಲೆ ಒಮ್ಮೆ ಮತ್ತೆ ತೋರಿಸಬೇಕಂತೆ. ಪದರಕ್ಕೆ ಹಾನಿಯಾಗಿದ್ದರೆ ಆ ಮೂಳೆ ಬೆಳೆಯುವುದು ನಿಲ್ಲುತ್ತೆ, ಪಕ್ಕದ ಮೂಳೆ ಬೆಳೆಯುತ್ತಲೇ ಹೋಗುತ್ತೆ, ಮಣಿಕಟ್ಟು ಸೊಟ್ಟಗಾಗುತ್ತೆ. ಶುರುವಿನಲ್ಲಿ ನೋವೇನೂ ಇರುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ. "ನೋವಿಲ್ಲವಲ್ಲ, ಮತ್ಯಾಕೆ?" ಅಂತ ಅಣ್ಣ ಅಂದಾಗ ಅತ್ತಿಗೆಯೂ ನಾನೂ ಪಟ್ಟು ಬಿಡಲಿಲ್ಲ.

ಜುಲೈ ಮಳೆಯಲ್ಲೇ ಹೋಗಿ ತೋರಿಸಿಕೊಂಡು ಬಂದರು. ಎರಡೂ ಕೈ ಸಮವಾಗಿ ಬೆಳೆಯುತ್ತಿವೆ. ಇನ್ನೊಂದು ಎಕ್ಸ್‌ರೇ ಜನವರಿಗಿದೆ, ಕೊಯ್ಲಿನ ನಡುವೆ. ಒಂದು ದಿನ ಕೆಲಸ ನಿಂತರೆ ನಿಲ್ಲಲಿ ಅಂತ ಈ ಸಲ ಅಣ್ಣನೇ ಹೇಳಿದ್ದಾನೆ.