ಎಲ್ಲ ಕೀಗೂ 0.1 ಬೇಕಾ?

ಸಾಮಾನ್ಯ ಮೆಕ್ಯಾನಿಕಲ್ ಕೀಬೋರ್ಡ್‌ನಲ್ಲಿ ಕೀ ಹೆಚ್ಚುಕಡಿಮೆ 2 ಮಿಲಿಮೀಟರ್ ಇಳಿದರೆ ಒತ್ತಿದ ಲೆಕ್ಕ. ನಾನು ಹೊಸದಾಗಿ ತಂದ ಅನಲಾಗ್ ಕೀಬೋರ್ಡ್ ಹಾಗಲ್ಲ. ಇದರಲ್ಲಿ ಪ್ರತಿ ಕೀ ಒಳಗೂ ಪುಟ್ಟ ಆಯಸ್ಕಾಂತ, ಅದರ ಕೆಳಗೆ ಹಾಲ್ ಎಫೆಕ್ಟ್ ಸೆನ್ಸರ್. ಆಯಸ್ಕಾಂತ ಎಷ್ಟು ಹತ್ತಿರ ಬಂತು ಅಂತ ಅಳೆದು, ಕೀ ಎಷ್ಟು ಇಳಿದಿದೆ ಅನ್ನುವುದನ್ನು ಅದು ಕಂಡುಹಿಡಿಯುತ್ತದೆ. ಎಲ್ಲಿಗೆ ಇಳಿದಾಗ ಒತ್ತಿದ ಹಾಗೆ ಅನ್ನುವುದು ನಮಗೆ ಬಿಟ್ಟಿದ್ದು. 0.1ರಿಂದ 4 ಮಿಲಿಮೀಟರ್‌ವರೆಗೆ ಎಲ್ಲಿ ಬೇಕಾದರೂ ಇಡಬಹುದು.

ಭಾನುವಾರ ಬೆಳಿಗ್ಗೆ ಕೌಂಟರ್ ಸ್ಟ್ರೈಕ್ 2 ಅನ್ನುವ ಶೂಟಿಂಗ್ ಆಟದಲ್ಲಿ ಬಾಟ್‌ಗಳನ್ನು, ಅಂದರೆ ಕಂಪ್ಯೂಟರೇ ಆಡಿಸುವ ಎದುರಾಳಿಗಳನ್ನು ಹಾಕಿಕೊಂಡು ಕೂತೆ. ಎಲ್ಲ ಕೀಗೂ 0.1 ಇಟ್ಟರೆ ಏನಾಗುತ್ತದೆ, ಸುಮ್ನೆ ನೋಡೋಣ ಅಂತ. ಹೆಬ್ಬೆರಳು ಸ್ಪೇಸ್ ಬಾರ್ ಮೇಲೆ ಕೂತಿದ್ದಕ್ಕೇ ನನ್ನ ಆಟಗಾರ ಕುಪ್ಪಳಿಸತೊಡಗಿದ. ಗ್ರೆನೇಡ್ ಕೀಗೆ ಬೆರಳು ಸೋಕಿದರೆ ಸಾಕು, ಕೈಯಲ್ಲಿ ಬಂದೂಕು ಇಲ್ಲ!

ಒತ್ತುವ ಆಳದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಪ್ರಕಾರ ಅಸಲಿ ವಿಷಯ ಇರುವುದು ಬಿಡುವುದರಲ್ಲಿ. ಈ ಆಟದಲ್ಲಿ ಓಡುತ್ತಾ ಗುಂಡು ಹಾರಿಸಿದರೆ ಚೆಲ್ಲಾಪಿಲ್ಲಿ ಹೋಗುತ್ತವೆ. ಹಾಗಾಗಿ ಎಡಕ್ಕೆ ಓಡುತ್ತಿದ್ದರೆ ಎಡಕ್ಕೆ ಒಯ್ಯುವ ಎ ಕೀ ಬಿಟ್ಟು, ಬಲಕ್ಕೆ ಒಯ್ಯುವ ಡಿ ಒಂದು ಸಲ ತಟ್ಟಿ ಗಕ್ಕನೆ ನಿಲ್ಲಬೇಕು. ಹಳೆ ಕೀಬೋರ್ಡ್‌ನಲ್ಲಿ ಎ ಪೂರ್ತಿ ಅದುಮಿದ್ದರೆ, ಅದು ವಾಪಸ್ ಆ 2 ಮಿಲಿಮೀಟರ್ ಗುರುತಿನ ಹತ್ತಿರ ಮೇಲೆ ಬರುವ ತನಕ ಒತ್ತಿದಂತೆಯೇ. ಹೊಸದರಲ್ಲಿ ರ್ಯಾಪಿಡ್ ಟ್ರಿಗರ್ ಅನ್ನುವ ಆಯ್ಕೆ ಆನ್ ಮಾಡಿದರೆ ಕೀ ಎಷ್ಟೇ ಆಳದಲ್ಲಿರಲಿ, ಕೂದಲೆಳೆಯಷ್ಟು ಮೇಲೆದ್ದ ಕೂಡಲೇ ಬಿಟ್ಟ ಲೆಕ್ಕ. ಎ, ಡಿ ಎರಡಕ್ಕೂ ಒತ್ತುವುದು 0.5, ಬಿಡುವುದು 0.15 ಇಟ್ಟೆ. ನಿಂತ ಮೇಲೆ ಮೊದಲ ಗುಂಡೇ ತಲೆಗೆ ಬೀಳತೊಡಗಿತು. ಇದರ ಮಜಾನೇ ಬೇರೆ.

ಆದರೆ ಅದೇ ಲೆಕ್ಕ ಶಿಫ್ಟ್‌ಗೆ ನಡೆಯಲಿಲ್ಲ. ಸದ್ದಿಲ್ಲದೆ ನಡೆಯುವ ಕೀ ಅದು, ಅದುಮುವುದು ಕಿರುಬೆರಳು. ಬಾಗಿಲ ಪಕ್ಕ ಮೆಲ್ಲಗೆ ಸಾಗುವಾಗ ಕಿರುಬೆರಳು ಚೂರು ಸಡಿಲವಾದರೆ ಅಲ್ಲಿಗೆ ಮುಗಿಯಿತು, ಶಿಫ್ಟ್ ಬಿಟ್ಟ ಹಾಗಾಗಿ ಬೂಟಿನ ಸದ್ದು ಟಪ್ ಅಂತ ಕೇಳಿಸುತ್ತದೆ. ಶಿಫ್ಟ್‌ಗೆ ರ್ಯಾಪಿಡ್ ಟ್ರಿಗರ್ ತೆಗೆದೇಬಿಟ್ಟೆ. ಮುಂದಕ್ಕೆ ಓಡಿಸುವ ಡಬ್ಲ್ಯೂ ಕೀದೂ ಇದೇ ಕಥೆ. ತುಂಬಾ ಹೊತ್ತು ಹಿಡಿದಿರುವ ಕೀ ಅದು, ಬಿಡುವುದು 0.5ಕ್ಕೆ ಏರಿಸಿದ ಮೇಲೆ ಓಟ ತಡವರಿಸುವುದು ನಿಂತಿತು. ರೀಲೋಡ್, ಗ್ರೆನೇಡ್‌ಗೆಲ್ಲ ಹಳೆ 2 ಮಿಲಿಮೀಟರೇ ಸಾಕು.

ಎ, ಡಿ ಎರಡೂ ಒಟ್ಟಿಗೆ ಒತ್ತಿದರೆ ಕೊನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಆಯ್ಕೆಯೂ ಅಲ್ಲೇ ಇತ್ತು. ಮುಟ್ಟಲಿಲ್ಲ. 2024ರ ಆಗಸ್ಟ್‌ನಿಂದ ಈ ಆಟ ತಯಾರಿಸಿದ ಕಂಪನಿ ವಾಲ್ವ್ ತನ್ನ ಸರ್ವರ್‌ಗಳಲ್ಲಿ ಅದನ್ನು ಬಳಸಿದವರನ್ನು ಪಂದ್ಯದಿಂದ ಹೊರಹಾಕುತ್ತದೆ. ನನಗೂ ಅದೇ ಸರಿ ಅನ್ನಿಸುತ್ತದೆ. ಗಕ್ಕನೆ ನಿಲ್ಲುವುದನ್ನು ಕೀಬೋರ್ಡೇ ಕಲಿತುಬಿಟ್ಟರೆ ನಾವು ಕೂತು ಮಾಡುವುದೇನು, ಅಲ್ವಾ?

ಕೀಗಳನ್ನು ಜಾಯ್‌ಸ್ಟಿಕ್ ಥರ ಬಳಸುವ ಆಯ್ಕೆಯನ್ನೂ ಬೇರೊಂದು ಶೂಟಿಂಗ್ ಆಟದಲ್ಲಿ ನೋಡಿದೆ. ಅರ್ಧ ಒತ್ತಿದರೆ ನಿಧಾನ ನಡಿಗೆ, ಚೆನ್ನಾಗಿದೆ. ಆದರೆ ಮೌಸ್ ಅಲ್ಲಾಡಿಸಿದಾಗಲೆಲ್ಲ ತೆರೆಯ ಮೇಲಿನ ಬಟನ್ ಚಿತ್ರಗಳು ಕಂಟ್ರೋಲರ್‌ಗೂ ಕೀಬೋರ್ಡ್‌ಗೂ ಬದಲಾಗುತ್ತಾ ಕಣ್ಣಿಗೆ ಹಿಂಸೆ. ಆಫ್ ಮಾಡಿದೆ.

ಸ್ಪೇಸ್ ಬಾರ್ ಇನ್ನೂ ಹದಕ್ಕೆ ಬಂದಿಲ್ಲ. 1.5 ಇಟ್ಟರೆ ಜಂಪ್ ತಡ ಅನ್ನಿಸುತ್ತದೆ. 1ಕ್ಕೆ ಇಳಿಸಿದರೆ ಹೆಬ್ಬೆರಳ ಭಾರಕ್ಕೇ ಹಾರುತ್ತದೆ. ಸದ್ಯಕ್ಕೆ 1.3ರಲ್ಲಿ ಓಡುತ್ತಿದೆ.